ಗಾಜಿನ ಹಿಂದಿನ ಮುತ್ತಜ್ಜ

ಅಹಮದಾಬಾದ್
ಜುಲೈ 20, 2025

ಪ್ರೀತಿಯ ಅಜ್ಜಿ,

ಈ ಸಲ ನನ್ನ ಪತ್ರವನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಬೇಡ, ಪ್ಲೀಸ್. ಹೋದ ಸಲದ್ದನ್ನು ನೋಡಿ ರೂಮ್‌ಮೇಟ್ ಅರ್ಪಿತಾ, "ಈ ಕಾಗದಕ್ಕೆ ಯಾರಾದರೂ ಹೊಡೆದರಾ?" ಅಂತ ಕೇಳಿದಳು.

ನಾಲ್ಕನೇ ಕ್ಲಾಸಿನಿಂದ ಬೆಟ್ಟದ ಮೇಲಿನ ಇಂಗ್ಲಿಷ್ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ನನ್ನ ಕನ್ನಡ ಅಂದರೆ ವಡೋದರಾದಲ್ಲಿ ನಿನ್ನ ಮುಂದೆ ಕೂತು ಬೇಸಿಗೆ ರಜೆಯಲ್ಲಿ ಬರೆದ ಕಾಪಿ ಪುಸ್ತಕ, ಅಷ್ಟೇ. ಅಪ್ಪನಿಗೆ ಅದೂ ಇಲ್ಲ. ಮಾತು ಕನ್ನಡ, ಬರೆಯುವುದು ಗುಜರಾತಿ ಅಕ್ಷರದಲ್ಲಿ. ಲೆಕ್ಕ ಹಾಕಿದರೆ ನಮ್ಮ ಮನೆಯಲ್ಲಿ ಕನ್ನಡ ಓದಬಲ್ಲವರು ಒಂದು ಮುಕ್ಕಾಲು ಜನ: ನೀನು ಪೂರ್ತಿ, ನಾನು ಮುಕ್ಕಾಲು.

ಕಾಲೇಜು ಶುರುವಾಗಿ ಹದಿನೆಂಟು ದಿನ ಆಯಿತು. ಮೆಸ್ಸಿನಲ್ಲಿ ಒಬ್ಬಳೇ ಕೂರಲು ಭಯ. ಯಾರಾದರೂ ಪಕ್ಕ ಬಂದು ಕೂತರೆ ಇನ್ನೂ ಭಯ. ಹಾಜರಿ ಕೂಗುವಾಗ 'ಪ್ರೆಸೆಂಟ್' ಅನ್ನದೆ ಕೈ ಮಾತ್ರ ಎತ್ತಿ, ಎರಡು ದಿನ ಇದ್ದೂ ಗೈರುಹಾಜರಿ ಆಗಿದ್ದೇನೆ. ಈಗ ಹಿಸ್ಟರಿಯ ನಮಿತಾ ಮ್ಯಾಮ್ ಒಂದು ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಹತ್ತು ವರ್ಷಗಳ ಪತ್ರಿಕೆ ತಲೆಬರಹಗಳನ್ನು ಅವರವರ ಮನೆಮಾತಿನಲ್ಲೇ ಹುಡುಕಿ ತರಬೇಕು. ಇಂಟರ್ನೆಟ್ಟಿನಿಂದ ತಂದರೆ ಸೊನ್ನೆ. ಕ್ಲಾಸಿನ ಮುಂದೆ ನಿಂತು ಓದಬೇಕು. ನಿಂತು, ಅಜ್ಜಿ!

ಆಗ ನೆನಪಾದದ್ದು ಸೂರತ್‌ನ ನಮ್ಮ ಹೋಟೆಲಿನಲ್ಲಿ ಗಲ್ಲಾದ ಮೇಲಿರುವ ಫ್ರೇಮು. ಅಪ್ಪ ದಿನಾ ಹೂ ಹಾಕಿ, ಊದುಬತ್ತಿ ತೋರಿಸಿ, ಗಿರಾಕಿಗಳಿಗೆಲ್ಲ "ಮಾರಾ ದಾದಾ, ಬ್ರಿಟಿಷರ ಜೈಲಿಗೆ ಹೋದವರು" ಅನ್ನುವ ಮುತ್ತಜ್ಜನ ಪೇಪರ್. ಅದು ಇಡೀ ಪುಟ ಅಲ್ಲವಾ? ಬೇರೆ ತಲೆಬರಹಗಳೂ ಇರಬೇಕು. ಅತ್ತೆಯ ಮಗ ಕಶ್ಯಪ್‌ಗೆ ಫೋಟೋ ತೆಗೆದು ಕಳಿಸು ಅಂದಿದ್ದೇನೆ. ಗೊತ್ತಾಗದ ಪದ ಬಂದರೆ ನಿನಗೆ ಬರೆಯುತ್ತೇನೆ. ಫೋನಿನಲ್ಲಿ ಕೇಳೋಣ ಅಂದರೆ ನಿನ್ನ ಕಿವಿಯ ಮಶೀನು ಸೀಟಿ ಹೊಡೆಯುತ್ತದೆ.

ನಿನ್ನ
ಮನಸ್ವಿನಿ

ಚಟ್ನಿಪುಡಿ ಮುಗಿಯಿತು. ಅರ್ಪಿತಾ ಅದನ್ನು ಖಾಖ್ರಾ ಮೇಲೆ ಹಾಕಿಕೊಂಡು ತಿನ್ನುತ್ತಾಳೆ.


ಆಲ್ಕಾಪುರಿ, ವಡೋದರಾ
ಆಗಸ್ಟ್ 2, 2025

ಚಿ. ಮನಸ್ವಿನಿಗೆ ಅಜ್ಜಿಯ ಆಶೀರ್ವಾದ.

ತಿದ್ದಲಿಲ್ಲ. ಆದರೆ ಕೆಂಪು ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಓದಿದೆ. ಅದಕ್ಕೆ ನೀನು ಎಂತ ಮಾಡಲಿಕ್ಕೂ ಆಗುವುದಿಲ್ಲ.

ಆ ಫ್ರೇಮನ್ನು ಬಿಡು ಮಾರಾಯ್ತಿ. ಗಾಜು ಹೊಗೆ ಹಿಡಿದಿದೆ, ಮೊಳೆ ಸಡಿಲ ಉಂಟು. ತಲೆಬರಹ ಬೇಕಾದರೆ ನನ್ನ ಬಾಯಲ್ಲೇ ಬೇಕಾದಷ್ಟು ಉಂಟು. ನನ್ನ ಮಾವ, ಅಂದರೆ ನಿನ್ನ ಮುತ್ತಜ್ಜ ಗಣಪತಿ ಐತಾಳರಿಗೆ ಊರಿನಿಂದ 'ತೆಂಕಣ ಸುದ್ದಿ' ಅಂತ ವಾರಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ಒಂದನ್ನೂ ಬಿಸಾಡಿದವರಲ್ಲ. ನಾನು ಮದುವೆಯಾಗಿ ಸೂರತ್ತಿಗೆ ಬಂದದ್ದು ಅರವತ್ತಾರರಲ್ಲಿ. ಆಗಲೂ ಮಧ್ಯಾಹ್ನ ನಾನು ಉದ್ದು ತೊಳೆಯುವ ಹೊತ್ತಿಗೆ ಇಪ್ಪತ್ತು ವರ್ಷ ಹಿಂದಿನ ಪೇಪರು ತೆಗೆದು, ಇವತ್ತಿನದ್ದೇ ಎನ್ನುವ ಹಾಗೆ ಗಟ್ಟಿಯಾಗಿ ಓದುವರು. "ಗಿರಿಜಾ, ಕೇಳಿದಿಯಾ? ನಾಳೆ ಸೀಮೆಎಣ್ಣೆ ಬರಲಿಕ್ಕುಂಟಂತೆ!" ನಾನು ಹೊಸ ಸೊಸೆ. ಬೆಳಗಾದದ್ದೇ ಡಬ್ಬಿ ಹಿಡಿದು ಅಂಗಡಿಯ ಮುಂದೆ ನಿಂತೆ. ಅಂಗಡಿಯವನಿಗೆ ಇವತ್ತಿಗೂ ನನ್ನ ಬಗ್ಗೆ ಅನುಮಾನ ಇರಬಹುದು, ಬದುಕಿದ್ದರೆ.

ನೆನಪಿರುವುದನ್ನು ಬರೆಯುತ್ತೇನೆ. "ಸಕ್ಕರೆ ಬಂತೆಂಬ ಸುದ್ದಿ ಸುಳ್ಳು." ಅದರ ಮುಂದಿನ ವಾರವೇ, "ಸುಳ್ಳೆಂಬ ಸುದ್ದಿಯೂ ನಿಜವಲ್ಲ." ಮತ್ತೆ, "ಪರಮಾಣು ಬಾಂಬಿಗೆ ಹೆದರಬೇಕಾಗಿಲ್ಲ: ತಾಲೂಕು ಬೋರ್ಡು ಅಧ್ಯಕ್ಷರ ಭರವಸೆ." ಆಗ ಮದುವೆ ಊಟಕ್ಕೆ ಇಷ್ಟೇ ಜನ ಅಂತ ಕಟ್ಟುಪಾಡು ಇತ್ತು, ಅಕ್ಕಿ ಇರಲಿಲ್ಲವಲ್ಲ. ಅದರ ಬಗ್ಗೆ ಒಂದು: "ಐವತ್ತೊಂದನೆಯ ಎಲೆಗೆ ಕೂತವನನ್ನು ಎಬ್ಬಿಸಿದ ಅಧಿಕಾರಿ; ಎದ್ದವನೇ ವರನೆಂದು ಬಳಿಕ ತಿಳಿಯಿತು." ಇದನ್ನು ಓದಿದಾಗಲೆಲ್ಲ ಮಾವ ಕಣ್ಣಲ್ಲಿ ನೀರು ಬರುವಷ್ಟು ನಗುವರು.

ನಿನ್ನ ಮೇಡಮ್ಮಿಗೆ ಇಷ್ಟು ಸಾಕು. ಫ್ರೇಮು ತೆಗೆಸಬೇಡ.

ಆಶೀರ್ವಾದಗಳೊಂದಿಗೆ
ಗಿರಿಜಾ


ಅಹಮದಾಬಾದ್
ಆಗಸ್ಟ್ 24, 2025

ಪ್ರೀತಿಯ ಅಜ್ಜಿ,

ಕ್ಲಾಸು ನಕ್ಕಿತು! ನನ್ನನ್ನು ನೋಡಿ ಅಲ್ಲ, ಐವತ್ತೊಂದನೇ ಎಲೆಯ ವರನನ್ನು ಕೇಳಿ. ನಮಿತಾ ಮ್ಯಾಮ್ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ನಿಂತೇ ಇದ್ದೆ, ಬೀಳಲಿಲ್ಲ. ಆಮೇಲೆ ಬಾತ್‌ರೂಮಿಗೆ ಹೋಗಿ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ.

ಕಶ್ಯಪ್ ಫೋಟೋ ಕಳಿಸಿದ. ಗಾಜಿನ ಮೇಲೆ ಹೊಗೆ, ಅದರ ಮೇಲೆ ಹೂವಿನ ಹಾರ, ಅದರ ಮೇಲೆ ಟ್ಯೂಬ್‌ಲೈಟಿನ ಹೊಳಪು. ಕಂಡದ್ದು ಮೂರೇ: ಮುತ್ತಜ್ಜನ ಬಡಕಲು ಮುಖ, "ಐತಾಳ" ಅನ್ನುವ ಅರ್ಧ ಪದ, ಮೇಲೆ ತಾರೀಖು. ಆಗಸ್ಟ್ 1949. ಅಜ್ಜಿ, ಬ್ರಿಟಿಷರು ಹೋದದ್ದು ನಲವತ್ತೇಳರಲ್ಲಿ. ಅವರು ಹೋಗಿ ಎರಡು ವರ್ಷ ಆದ ಮೇಲೆ ಅವರ ಜೈಲಿಗೆ ಹೋದ ಭಾರತೀಯ ನಮ್ಮ ಮುತ್ತಜ್ಜ ಒಬ್ಬರೇ ಇರಬೇಕು.

ಅಪ್ಪನಿಗೆ ಫೋನ್ ಮಾಡಿ ಕೇಳಿದೆ. "ಅರೆ ಬೇಟಾ, ಆಗ ಊರಿಂದ ಪೇಪರು ತಡವಾಗಿ ಬರ್ತಿತ್ತು. ಪೋಸ್ಟಿನ ಡಿಲೇ" ಅಂದರು. ಎರಡು ವರ್ಷದ ಡಿಲೇ. ನಾನು ಹೂಂ ಅಂದೆ.

ತಪ್ಪು ಮಾಡಿದೆ ಅನ್ನಿಸುತ್ತಿದೆ. ನಾನು ಹಳೆಯ ಕನ್ನಡ ಪೇಪರು ಓದಿ ಮಾರ್ಕು ತೆಗೆದೆ ಅಂತ ಗೊತ್ತಾದದ್ದೇ ಅಪ್ಪನಿಗೆ ಒಂದು ಐಡಿಯಾ ಬಂತು. ಜನವರಿಯಲ್ಲಿ ಹೋಟೆಲಿಗೆ ಎಂಬತ್ತು ತುಂಬುತ್ತದಲ್ಲ, ಆ ದಿನ ಸೂರತ್ತಿನ ಬಟ್ಟೆ ಮಾರುಕಟ್ಟೆಯವರು, ಹೋಟೆಲು ಸಂಘದವರು ಎಲ್ಲರ ಮುಂದೆ ಆ ಪುಟವನ್ನು ಎಂಟಡಿ ಬ್ಯಾನರ್ ಮಾಡಿ ಬಿಡಿಸುತ್ತಾರಂತೆ. ನಾನು ಮೈಕಿನಲ್ಲಿ ಅದನ್ನು ಕನ್ನಡದಲ್ಲಿ ಓದಿ ಗುಜರಾತಿಯಲ್ಲಿ ಹೇಳಬೇಕಂತೆ. "ನಾನು ನಲವತ್ತು ವರ್ಷ ಕಾದದ್ದು ಇದಕ್ಕೇ ಬೇಟಾ, ಒಬ್ಬರಾದರೂ ನಮ್ಮನೆಯವರು ಅದನ್ನು ಓದ್ಲಿ ಅಂತ" ಅಂದರು. ಇಲ್ಲ ಅನ್ನಲು ಆಗಲಿಲ್ಲ.

ಅದರಲ್ಲಿ ಏನು ಬರೆದಿದೆ, ಅಜ್ಜಿ? ನಿನಗೆ ಗೊತ್ತಿದೆ ಅಲ್ಲವಾ?

ನಿನ್ನ
ಮನಸ್ವಿನಿ


ಅಹಮದಾಬಾದ್
ಅಕ್ಟೋಬರ್ 5, 2025

ಅಜ್ಜಿ,

ಒಂದೂವರೆ ತಿಂಗಳಿಂದ ನಿನ್ನ ಉತ್ತರ ಇಲ್ಲ. ಚಟ್ನಿಪುಡಿ ಮಾತ್ರ ಬಂತು, ಎರಡು ಕಿಲೋ. ಡಬ್ಬಿಯೊಳಗೆ ಚೀಟಿ ಇರಬಹುದು ಅಂತ ಕೈ ಹಾಕಿ ಹುಡುಕಿ, ಆ ಕೈಯಲ್ಲೇ ಕಣ್ಣು ಉಜ್ಜಿಕೊಂಡೆ.

ಕಶ್ಯಪ್ ಸೀರೆ ಡಿಸೈನ್ ಮಾಡುವ ಆಫೀಸಿನಲ್ಲಿ ದೊಡ್ಡ ಸ್ಕ್ಯಾನರ್ ಇದೆಯಂತೆ. ಬ್ಯಾನರಿಗೆ ಬೇಕು ಅಂತ ಹೋದ ವಾರ ಫ್ರೇಮು ಬಿಚ್ಚಿ ಸ್ಕ್ಯಾನ್ ಮಾಡಿ ಕಳಿಸಿದ. ಮೂರು ದಿನ ಕೂತು ಅಕ್ಷರ ಅಕ್ಷರ ಓದಿದೆ. ಹೀಗಿದೆ:

"ಸೂರತ್ತಿನ ಹೋಟೇಲಿನವರಿಗೆ ಸಜೆ. ಇಡ್ಲಿಯಲ್ಲಿ ಅಕ್ಕಿ ಇರುವುದು ರಾಸಾಯನಿಕ ಪರೀಕ್ಷೆಯಿಂದ ಸಿದ್ಧ. ಅಕ್ಕಿಯಿಲ್ಲದ ದಿನವೆಂದು ಸರಕಾರವು ಗೊತ್ತುಪಡಿಸಿದ ಬುಧವಾರದಂದು, ಗೋಧಿರವೆಯದೆಂದು ಹೇಳಿ ಅಕ್ಕಿಯ ಇಡ್ಲಿಗಳನ್ನು ಮಾರಿದ ಆರೋಪದ ಮೇಲೆ ನಮ್ಮ ಜಿಲ್ಲೆಯ ಶ್ರೀ ಗಣಪತಿ ಐತಾಳರಿಗೆ ನ್ಯಾಯಾಲಯವು ಏಳುವ ತನಕ ಸಜೆ ವಿಧಿಸಲಾಯಿತು. ಪರೀಕ್ಷೆಗೆ ಕಳುಹಿಸಿದ ಆರು ಇಡ್ಲಿಗಳಲ್ಲಿ ನಾಲ್ಕು ಮಾತ್ರವೇ ತಲುಪಿದ ವಿಷಯದಲ್ಲಿ ವಿಚಾರಣೆ ನಡೆದಿದೆ."

ಕೋರ್ಟು ಏಳುವ ತನಕ ಅಂದರೆ ಸಂಜೆ ಜಡ್ಜ್ ಎದ್ದು ಮನೆಗೆ ಹೋಗುವವರೆಗೆ ಬೆಂಚಿನ ಮೇಲೆ ಕೂರುವುದಂತೆ, ಮ್ಯಾಮ್ ಹೇಳಿದರು. ಇದೇ ನಮ್ಮ ಜೈಲು.

ಇದು ದೊಡ್ಡದಲ್ಲ. ದೊಡ್ಡದು ಫೋಟೋ. ಅದರ ಕೆಳಗಿನ ಅಕ್ಷರಗಳು ಇಷ್ಟು ವರ್ಷ ಫ್ರೇಮಿನ ಮರದ ಪಟ್ಟಿಯ ಹಿಂದೆ ಇದ್ದವು. "ಯುದ್ಧಕಾಲದ ನಿಶ್ಶಕ್ತಿಯೇ? ಗಜಬಲ ಲೇಹ್ಯ! ಸೇವಿಸುವ ಮುನ್ನ." ಪಕ್ಕದಲ್ಲೇ, ಅದೂ ಪಟ್ಟಿಯ ಹಿಂದೆ, ತೋಳು ಮಡಿಸಿ ನಿಂತ ಒಬ್ಬ ದಪ್ಪ ಮೀಸೆಯವನು: "ಸೇವಿಸಿದ ನಂತರ."

ಅಪ್ಪ ನಲವತ್ತು ವರ್ಷದಿಂದ ಹೂ ಹಾಕುತ್ತಿರುವುದು ಲೇಹ್ಯದ ಜಾಹೀರಾತಿಗೆ. "ನೋಡಿ, ಜೈಲಿನ ಉಪವಾಸದಲ್ಲಿ ಹೇಗೆ ಇಳಿದುಹೋಗಿದ್ದಾರೆ" ಅಂತ ಎಲ್ಲರಿಗೂ ತೋರಿಸುತ್ತಾರೆ. ಈಗ ಆ ಬಡಕಲು ಮುಖವನ್ನು ಹೊಸ ಮೆನು ಕಾರ್ಡಿನ ಮೇಲೂ ಅಚ್ಚು ಹಾಕಿಸಿಬಿಟ್ಟಿದ್ದಾರೆ. ಐನೂರು ಕಾರ್ಡು!

ನಾನು ನಿಜ ಓದಿದರೆ ಅಪ್ಪ ಇಡೀ ಸೂರತ್ತಿನ ಮುಂದೆ ನಗೆಪಾಟಲು. ಸುಳ್ಳು ಓದಿದರೆ, ಅವರು ನಲವತ್ತು ವರ್ಷ ಕಾದ ಒಬ್ಬಳೇ ಓದುಗಾರ್ತಿ ಅವರಿಗೇ ಮೋಸ ಮಾಡಿದ ಹಾಗೆ. ಊಟ ಸೇರುತ್ತಿಲ್ಲ.

ಮನಸ್ವಿನಿ


ಆಲ್ಕಾಪುರಿ, ವಡೋದರಾ
ಅಕ್ಟೋಬರ್ 27, 2025

ಮಗಾ ಮನಸ್ವಿನಿ,

ಉತ್ತರದ ಬದಲು ಚಟ್ನಿಪುಡಿ ಕಳಿಸಿದ್ದು ನನ್ನದೇ ತಪ್ಪು. ಏನೂ ಬರೆಯಲು ತೋಚದಿದ್ದರೆ ನಾನು ಹುರಿಯಲು ಕೂರುತ್ತೇನೆ.

ಫ್ರೇಮು ಹಾಕಿಸಿದ್ದು ಸ್ವತಃ ಮಾವ. ಆಗ ಅಕ್ಕಿಗೆ ಎಷ್ಟು ಬರ ಅಂದರೆ, ಎಲ್ಲ ಹೋಟೆಲಿನಲ್ಲೂ ಇಡ್ಲಿಗೆ ಜೋಳ, ಮರಗೆಣಸು, ಇನ್ನೂ ಎಂತೆಂತದೋ ಬೆರೆಸುತ್ತಿದ್ದರಂತೆ. ಯಾರನ್ನೂ ನಂಬುವ ಹಾಗಿರಲಿಲ್ಲ. ಅಂಥದ್ದರಲ್ಲಿ ಐತಾಳರ ಇಡ್ಲಿಯಲ್ಲಿ ಇರುವುದು ಅಕ್ಕಿಯೇ ಅಂತ ಸರಕಾರವೇ ಪರೀಕ್ಷೆ ಮಾಡಿತು, ಕೋರ್ಟೇ ಒಪ್ಪಿತು! ಸುದ್ದಿ ಊರೆಲ್ಲ ಹಬ್ಬಿ ಮರುದಿನ ಬೆಳಿಗ್ಗೆ ಆರು ಗಂಟೆಗೆ ಬಾಗಿಲ ಮುಂದೆ ಸಾಲು. "ಇಂಥ ಸರ್ಟಿಫಿಕೇಟು ಬೇರೆ ಯಾರಿಗುಂಟು?" ಅಂತ ಕಟ್ಟು ಹಾಕಿಸಿದರು. ಅವರಿಗೆ ಅದರಲ್ಲಿ ನಾಚಿಕೆಯೇ ಇರಲಿಲ್ಲ. ಫೋಟೋ ತೆಗೆಸಿಕೊಳ್ಳಲು ಮಾತ್ರ ಬಹಳ ನಾಚಿಕೆ. ಜೀವಮಾನದಲ್ಲಿ ಒಂದೂ ತೆಗೆಸಲಿಲ್ಲ.

ಅವರು ಹೋದ ಮರುವರ್ಷ ನಿನ್ನ ಅಪ್ಪ ದಿವಾಕರ ಹುಟ್ಟಿದ್ದು. ಅಜ್ಜನ ಮುಖ ಕಂಡವನಲ್ಲ. ಅವನಿಗೆ ಹದಿನೈದು ಆಗುವಾಗ ನಿನ್ನ ಅಜ್ಜನೂ ಹೋದರು. ಶಾಲೆ ಬಿಟ್ಟು ಬಂದು ಗಲ್ಲಾದಲ್ಲಿ ಕೂತ. ಬಟ್ಟೆ ದಲ್ಲಾಳಿಗಳು "ಏ ಛೋಕರಾ, ಚಾ ಕಳಿಸು" ಅನ್ನುವರು. ಒಬ್ಬ ಸೇಠ್ ಒಂದು ದಿನ ಫ್ರೇಮು ತೋರಿಸಿ, "ಯಾರು ಇವರು?" ಅಂತ ಕೇಳಿದರು. ನಾನು ಅಡಿಗೆಮನೆಯ ಪರದೆಯ ಹಿಂದೆ ನಿಂತಿದ್ದೆ. ಮನೆಯಲ್ಲಿ 'ಸಜೆ, ಸಜೆ' ಅಂತ ನಾವು ತಮಾಷೆ ಮಾಡುವುದನ್ನು ಅವನು ಕೇಳಿದ್ದ, ಅಷ್ಟೇ. ತಲೆಯೆತ್ತಿ ಹೇಳಿದ, "ಮಾರಾ ದಾದಾ. ಬ್ರಿಟಿಷರ ಜೈಲಿಗೆ ಹೋಗಿದ್ದರು." ಸೇಠ್ ಎದ್ದು ಕೈ ಮುಗಿದರು. ಅವತ್ತಿನಿಂದ ಯಾರೂ ಅವನನ್ನು ಛೋಕರಾ ಅನ್ನಲಿಲ್ಲ, ದಿವಾಕರ್‌ಭಾಯಿ ಅಂದರು.

ಅವನು ಪರದೆಯ ಕಡೆ ನೋಡಿದ. ಅದು ಲೇಹ್ಯದವ ಮಗಾ ಅಂತ ನಾನು ಹೇಗೆ ಹೇಳಲಿ? ಪರದೆ ಬಿಟ್ಟು ಒಳಗೆ ಹೋದೆ. ಅಡಿಗೆಯ ಭಟ್ಟರಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದೆ. ನಾಳೆ ಹೇಳೋಣ ಅಂದುಕೊಂಡದ್ದು, ನಲವತ್ತು ವರ್ಷ ಆಯಿತು.

ಹೇಳಬೇಕಾದವಳು ನಾನೇ. ಈಗ ಬಾಯಿ ಏಳುವುದಿಲ್ಲ. ನಿನಗೆ ಸರಿ ಕಂಡದ್ದು ಮಾಡು. ಊಟ ಮಾತ್ರ ಬಿಡಬೇಡ.

ಅಜ್ಜಿ


ಸೂರತ್
ನವೆಂಬರ್ 30, 2025
(ಮಾತು ಕನ್ನಡ, ಅಕ್ಷರ ಗುಜರಾತಿ)

ಬೇಟಾ ಮನು,

ಜನವರಿ 11, ಆದಿತ್ಯವಾರ, ಪಕ್ಕಾ. ಇನ್ನೂರು ಜನ ಬರ್ತಾರೆ. ಬ್ಯಾನರ್ ಫಸ್ಟ್ ಕ್ಲಾಸ್ ಬಂದುಂಟು, ದಾದಾನ ಮುಖ ಮಾತ್ರ ಮೂರಡಿ. ದಾದಾನ ಪಕ್ಕದಲ್ಲಿ ಒಬ್ಬ ದಪ್ಪ ಮೀಸೆಯವ ಉಂಟು, ಇಡ್ಲಾ ಬಿಡ್ಲಾ ಅಂತ ಕಶ್ಯಪ್ ಕೇಳಿದ. ಜೈಲರ್ ಇರಬೇಕು ಅಂತ ಹೇಳಿದೆ, ಇಡು ಅಂದೆ.

ನಿನ್ನ ಭಾಷಣ ರೆಡಿಯಾ? ಉಪವಾಸದ ವಿಷಯ ಚೆನ್ನಾಗಿ ಬರಬೇಕು. ಜನರಿಗೆ ಕಣ್ಣೀರು ಬರಬೇಕು, ಆಮೇಲೆ ಊಟ. ಹೆದರಬೇಡ, ನಾನು ಪಕ್ಕದಲ್ಲೇ ಇರ್ತೇನೆ.

ಅಪ್ಪ


ಅಹಮದಾಬಾದ್
ಡಿಸೆಂಬರ್ 12, 2025

ಅಪ್ಪ,

ಈ ಪತ್ರವನ್ನು ನೀವು ಓದಲಾರಿರಿ ಅಂತ ಗೊತ್ತಿದ್ದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೋಟೆಲಿನಲ್ಲಿ ಈಗ ಅಡಿಗೆಯವರು ನೇಪಾಳದವರು. ಕಶ್ಯಪ್‌ಗೆ ತನ್ನ ಹೆಸರು ಬಿಟ್ಟರೆ ಬೇರೆ ಕನ್ನಡ ಅಕ್ಷರ ಬರದು. ಫೋನಿನ ಕ್ಯಾಮೆರಾ ಹಿಡಿದು ಓದಿಸಲು ನೋಡಬೇಡಿ, ನನ್ನ ಕೈಬರಹಕ್ಕೆ ಅದು ಕೈ ಮುಗಿಯುತ್ತದೆ. ಲಕೋಟೆಯ ಮೇಲೆ ಗುಜರಾತಿಯಲ್ಲಿ ಬರೆದಿದ್ದೇನಲ್ಲ, 'ಬಾ ಪಾಸೆ ವಂಚಾವಜೋ' ಅಂತ, ಹಾಗೇ ಮಾಡಿ. ನಿಮ್ಮ ಅಮ್ಮನ ಹತ್ತಿರ ಓದಿಸಿ. ಸೂರತ್ತಿನಿಂದ ವಡೋದರಾಕ್ಕೆ ರೈಲಿನಲ್ಲಿ ಎರಡೇ ಗಂಟೆ.

ನೀವು ನನಗೆ ಓದಲು ಹೇಳಿದ ಪುಟದಲ್ಲಿ ನಮ್ಮ ಮುತ್ತಜ್ಜನ ಸುದ್ದಿ ನಿಜವಾಗಿ ಇದೆ. ಅದನ್ನು ಇದರ ಜೊತೆಗಿನ ಹಾಳೆಯಲ್ಲಿ ಒಂದಕ್ಷರ ಬಿಡದೆ ನಕಲು ಮಾಡಿದ್ದೇನೆ. ಅಜ್ಜಿ ಮೊದಲು ಅದನ್ನು ಓದಲಿ. ನೀವು ಸಿಟ್ಟಾಗುವುದಾದರೆ ನನ್ನ ಮೇಲೆ ಆಗಿ, ನಾನು ದೂರ ಇದ್ದೇನೆ.

ಅಜ್ಜಿ, ಈಗ ಗಟ್ಟಿಯಾಗಿ ಓದುತ್ತಾ ಇದ್ದೀಯ ಅಲ್ಲವಾ? ಸಾರಿ. ಫೋಟೋದ ವಿಷಯ ನಾನು ಬರೆದಿಲ್ಲ. ಪುಟ ತಿರುಗಿಸಿದರೆ ಏನೂ ಇಲ್ಲ. ಅಲ್ಲಿಂದ ನಿನ್ನದು.

ಮನಸ್ವಿನಿ


ಆಲ್ಕಾಪುರಿ, ವಡೋದರಾ
ಡಿಸೆಂಬರ್ 22, 2025

ಕಳ್ಳೀ,

ಪುಟ ತಿರುಗಿಸಿದೆ. ಖಾಲಿ.

ನಿನ್ನೆ ದಿವಾಕರ ಬಂದಿದ್ದ. ನಿನ್ನ ಅತ್ತೆ ಚೈತ್ರಾ, ಅಳಿಯ ಇಬ್ಬರೂ ಮಕರಪುರದ ಕಡೆ ಯಾರದೋ ಮನೆಗೆ ಹೋಗಿದ್ದರು, ಪುಣ್ಯ. ಇಡ್ಲಿಯ ಸುದ್ದಿ ಓದುವಾಗ ಅವನು ಮೊದಲು ನಕ್ಕ. "ಆರರಲ್ಲಿ ನಾಲ್ಕೇ ತಲುಪಿತಾ! ಎರಡು ಯಾರು ತಿಂದರು?" ಅಂದ. ಆಮೇಲೆ ನಿಧಾನಕ್ಕೆ ಕೇಳಿದ.

"ಬ್ರಿಟಿಷರು?"

"ಇರಲಿಲ್ಲ ಮಗಾ."

"ಉಪವಾಸ?"

"ಆ ದಿನ ಮಧ್ಯಾಹ್ನದ ಊಟ ಒಂದು ತಪ್ಪಿತ್ತಂತೆ."

ಪುಟ ತಿರುಗಿಸಿದೆನಲ್ಲ, ಇನ್ನು ನನ್ನದೇ ಸರದಿ. ಹೇಳಿದೆ. ಸೇಠ್ ಬಂದ ದಿನದ್ದು, ಪರದೆಯದ್ದು, ಲೇಹ್ಯದ್ದು. ಕಿವಿಯ ಮಶೀನು ತೆಗೆದಿಟ್ಟು ಹೇಳಿದೆ, ಅವನು ಏನಾದರೂ ಅಂದರೆ ಕೇಳಬಾರದು ಅಂತ. ಹೇಳಿ ಮುಗಿದ ಮೇಲೆ ನೋಡಿದರೆ ಅವನ ಬಾಯಿ ಆಡುತ್ತಿತ್ತು. ಮತ್ತೆ ಹಾಕಿಕೊಂಡೆ.

"ನೀನೂ ಅವನಿಗೆ ಕೈ ಮುಗಿತಿದ್ದಿಯಲ್ಲ ಅಮ್ಮ, ಪ್ರತಿ ದೀಪಾವಳಿ?"

"ನೀನು ನೋಡ್ತಿದ್ದೆಯಲ್ಲ."

ಎದ್ದು ಒಳಗಿನ ಕೋಣೆಗೆ ಹೋಗಿ ಬಂದ. ಕಾಫಿ ಕುಡಿಯದೆ ಹೋದ. ಕಾರ್ಯಕ್ರಮ ಉಂಟೋ ಇಲ್ಲವೋ, ಒಂದೂ ಹೇಳಲಿಲ್ಲ. ಈ ಮಂಡಿ ಹಿಡಿದುಕೊಂಡು ನಾನಂತೂ ಸೂರತ್ತಿಗೆ ಹೋಗಲಾರೆ. ನೀನು ಹೋಗು. ಅವನ ಪಕ್ಕ ನಿಲ್ಲು.

ಇನ್ನೊಂದು. ನೀನು ಚಿಕ್ಕವಳಿರುವಾಗ ಬರೆದ ಕಾಪಿ ಪುಸ್ತಕ ಕಪಾಟಿನಲ್ಲಿತ್ತು, ನಿನ್ನೆಯಿಂದ ಕಾಣುವುದಿಲ್ಲ. ನೀನು ತೆಗೆದುಕೊಂಡು ಹೋಗಿದ್ದೆಯಾ?

ಅಜ್ಜಿ


ಸೂರತ್
ಜನವರಿ 12, 2026

ಪ್ರೀತಿಯ ಅಜ್ಜಿ,

ಶನಿವಾರ ಬಂದಾಗ ಅಪ್ಪ ನನ್ನೊಡನೆ ಚಟ್ನಿಯ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ನಾನು ಎರಡು ಭಾಷಣ ಬರೆದುಕೊಂಡಿದ್ದೆ, ನಿಜದ್ದು ಬಲ ಜೇಬಿನಲ್ಲಿ, ಸುಳ್ಳಿನದ್ದು ಎಡ ಜೇಬಿನಲ್ಲಿ. ಮೈಕಿನ ಹತ್ತಿರ ಹೋದಾಗ ಯಾವುದು ಬಲ ಅಂತಲೇ ಮರೆತಿತ್ತು. ಬ್ಯಾನರ್ ಬಿಚ್ಚಿದರು. ಮೂರಡಿಯ ಬಡಕಲು ಮುಖ. ಇನ್ನೂರು ಜನ ಎದ್ದು ಕೈ ಮುಗಿದರು. ಅಪ್ಪ ನನ್ನ ಕಿವಿಯಲ್ಲಿ ಅಂದರು, "ಇದ್ದದ್ದೇ ಓದು."

ಓದಿದೆ. ಗುಜರಾತಿಯಲ್ಲಿ ಹೇಳಿದೆ. "ಇಡ್ಲಿಯಲ್ಲಿ ಅಕ್ಕಿ" ಅನ್ನುವಾಗ ಯಾರೋ ಕಿಸಕ್ಕೆಂದರು. ನಾನು ಮೈಕಿನ ಕಂಬ ಹಿಡಿದುಕೊಂಡು ಕೊನೆಯ ಸಾಲಿನವರೆಗೆ ಮುಗಿಸಿದೆ. ಆಗ ಅಪ್ಪ ಮೈಕು ತೆಗೆದುಕೊಂಡರು.

"ಹೌದು. ನನ್ನ ದಾದಾ ಇಡ್ಲಿಗೆ ಅಕ್ಕಿ ಹಾಕಿದ್ದಕ್ಕೆ ಶಿಕ್ಷೆಯಾದವರು. ನಲವತ್ತು ವರ್ಷ ನಾನು ನಿಮಗೆ ಬೇರೆ ಕತೆ ಹೇಳಿದೆ, ನನಗೆ ಓದಲು ಬರ್ತಿರಲಿಲ್ಲ. ಆದರೆ ಆ ಅಪರಾಧ ನಮ್ಮ ಅಡಿಗೆಮನೆಯಲ್ಲಿ ಇವತ್ತಿಗೂ ದಿನಾ ನಡೀತಾ ಉಂಟು. ಹಿಡಿಯೋದಾದರೆ ಹಿಡೀರಿ!"

ಚಪ್ಪಾಳೆ, ಅಜ್ಜಿ, ಏನು ಚಪ್ಪಾಳೆ! ನಾನು ಉಸಿರು ಬಿಡುವಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಮುದುಕರು, ಆ ಸೇಠ್ ಇವರೇ ಇರಬೇಕು, ಕೋಲು ಎತ್ತಿ ಬ್ಯಾನರ್ ತೋರಿಸಿದರು. "ಎಲ್ಲಾ ಸರಿ ದಿವಾಕರ್‌ಭಾಯಿ, ನಾನು ಎದ್ದು ಕೈ ಮುಗಿದದ್ದು ಯಾರಿಗೆ? ಈ ಬಡಕಲು ಯಾರು?"

ಅಪ್ಪ ಬ್ಯಾನರ್ ನೋಡಿದರು. ಬಡಕಲನ ಕಡೆ ಬೆರಳು ತೋರಿಸಿದರು. "ಇವರು ನಮ್ಮ ಇಡ್ಲಿ ತಿನ್ನುವ ಮೊದಲು." ಆಮೇಲೆ ಮೀಸೆಯವನ ಕಡೆ. "ಇವರು ತಿಂದ ಮೇಲೆ."

ಸೇಠ್ ಕುರ್ಚಿಯಿಂದ ಜಾರುವಷ್ಟು ನಕ್ಕರು. ಎಲ್ಲರೂ ಮೆನು ಕಾರ್ಡು ಮನೆಗೆ ಒಯ್ದರು, ಒಂದೂ ಉಳಿಯಲಿಲ್ಲ. ಜನ ಹೋದ ಮೇಲೆ ಅಪ್ಪ ನನ್ನ ಮುಂದೆ ಒಂದು ತಟ್ಟೆ ಇಡ್ಲಿ ಇಟ್ಟು, ನಾನು ತಿಂದು ಮುಗಿಸುವವರೆಗೆ ಎದುರಿಗೇ ಕೂತಿದ್ದರು. ಹದಿನೆಂಟು ವರ್ಷದಲ್ಲಿ ಹಾಗೆ ಕೂತದ್ದು ಇದೇ ಮೊದಲು.

ಕೆಳಗಿನದ್ದು ನಾನು ಬರೆದದ್ದಲ್ಲ. ನನ್ನ ಕಾಪಿ ಪುಸ್ತಕ ಗಲ್ಲಾದ ಡ್ರಾಯರಿನಲ್ಲಿದೆ. ಕೆಂಪು ಪೆನ್ನು ತೆಗೆಯಬೇಡ.

ನಿನ್ನ
ಮನಸ್ವಿನಿ

ಅಮಾ
ನಾನು ದಿವಾಕರ. ಲೇಹದವನಿಗು ಹುವು ಹಾಕಿದೆ. ಅಬ್ಯಾಸ.
ಅದಿತವಾರ ಬರತೆನೆ. ಕಾಪಿ ಕುಡಿತೆನೆ.
ಅಜನ ಮುಕ ಹೆಗೆ ಇತು ಹೆಳು.